ಸ್ಪಷ್ಟನೆ: ಪೊಮೊಡೊರೊ ವಿಧಾನಕ್ಕೆ ಮೂರು ಆ್ಯಪ್ ಬೇಕಿಲ್ಲ

ಪೊಮೊಡೊರೊ ಎಂದರೆ ಟೈಮರ್ ಇಟ್ಟುಕೊಂಡು, ನಡುನಡುವೆ ಬಿಡುವು ಪಡೆಯುತ್ತ ಗಮನವಿಟ್ಟು ಕೆಲಸ ಮಾಡುವ ವಿಧಾನ. ‘ಪೊಮೊಡೊರೊ ವಿಧಾನ ಫಲ ಕೊಡಬೇಕಾದರೆ ಟೈಮರ್, ಕೆಲಸದ ಪಟ್ಟಿ, ವರದಿ ಮೂರಕ್ಕೂ ಪ್ರತ್ಯೇಕ ಆ್ಯಪ್ ಇರಲೇಬೇಕು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಈ ವಿಧಾನವನ್ನು ರೂಪಿಸಿದವರು ಇಟಲಿಯ ಫ್ರಾನ್ಸೆಸ್ಕೊ ಸಿರಿಲೊ. 1980ರ ದಶಕದ ಕೊನೆಯಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಅವರು ಬಳಸಿದ್ದು ಟೊಮೆಟೊ ಆಕಾರದ ಅಡುಗೆಮನೆಯ ಟೈಮರ್. ಆಗ ಆ್ಯಪ್‌ಗಳ ಮಾತೇ ಇರಲಿಲ್ಲ. ವಿಧಾನ ಹೀಗಿದೆ: ಮಾಡಬೇಕಾದ ಕೆಲಸವನ್ನು ಹಾಳೆಯಲ್ಲಿ ಬರೆದುಕೊಳ್ಳಿ. 25 ನಿಮಿಷಕ್ಕೆ ಟೈಮರ್ ಇಟ್ಟು, ಅದು ಸದ್ದು ಮಾಡುವವರೆಗೆ ಆ ಒಂದೇ ಕೆಲಸ ಮಾಡಿ. ನಡುವೆ ಬೇರೇನಾದರೂ ನೆನಪಾದರೆ ಅದೇ ಹಾಳೆಯ ಅಂಚಿನಲ್ಲಿ ಗೀಚಿಟ್ಟು ಮುಂದುವರಿಯಿರಿ. ಮುಗಿದಾಗ ಒಂದು ಗುರುತು ಹಾಕಿ 5 ನಿಮಿಷ ವಿರಮಿಸಿ. ನಾಲ್ಕು ಸುತ್ತಿನ ನಂತರದ ಬಿಡುವು ತುಸು ದೀರ್ಘ. ಇಷ್ಟೇ.

ಆ್ಯಪ್ ಬಳಸುವುದು ತಪ್ಪೇನಲ್ಲ, ಒಂದು ಸಾಕು. ಒಂದೇ ಕೆಲಸವನ್ನು ಮೂರು ಕಡೆ ದಾಖಲಿಸುತ್ತ ಕುಳಿತರೆ, ಯಾವ ಪಟ್ಟಿ ಸರಿ ಎಂದು ತಾಳೆ ನೋಡುವುದೇ ಇನ್ನೊಂದು ಕೆಲಸವಾಗುತ್ತದೆ. ಪರೀಕ್ಷೆಗೆ ಓದುವ ಮಕ್ಕಳು ಆ ವಾಟ್ಸ್‌ಆ್ಯಪ್ ಸಂದೇಶ ನಂಬಿ ಆ್ಯಪ್‌ಗಳಿಗೆ ಹಣ ಕಟ್ಟಬಾರದು ಎಂಬುದೇ ನನ್ನ ಕಾಳಜಿ.

ದಯವಿಟ್ಟು ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳುಹಿಸಿದ್ದರೆ ಅದರ ಕೆಳಗೆ ಈ ಸ್ಪಷ್ಟನೆಯನ್ನೂ ಹಾಕಿ.