ವಿಳಾಸ ಇದ್ದಿದ್ದರೆ ಅಜ್ಜಿ ನಿಮ್ಮ ಬಾಗಿಲಿಗೆ ಏಕೆ ಬರುತ್ತಿದ್ದರು?

ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಅದೇ ಪೆನ್ನು. ನೀಲಿ ಮುಚ್ಚಳದ ಪೆನ್ನು. ಅದರ ತುದಿಯಿಂದ ಆಶ್ರಯ ಕೇಂದ್ರದ ರಾತ್ರಿ ಪಾಳಿಯವನು ಅಜ್ಜಿಯ ಗಂಟನ್ನು ಕೆದಕಿದ ರೀತಿ.

ಬಸ್ ನಿಲ್ದಾಣದ ಅಜ್ಜಿ, ಬೀದಿಯಲ್ಲಿ ಮಲಗುವವರಿಗೆ ಹೊದಿಕೆ ಹಂಚುವ ನಮ್ಮ ತಂಡದವರಿಗೆಲ್ಲ ಗೊತ್ತು. ಈಗ ಅವರನ್ನು ಅಲ್ಲಿ ಮಲಗಲು ಬಿಡುತ್ತಿಲ್ಲ. ನಿನ್ನೆ ಮಳೆ ಬೇರೆ. "ಬೇಡ ತಾಯಿ, ಅಲ್ಲಿ ಕೂಡಿಹಾಕುತ್ತಾರೆ" ಎಂದು ಮೂರು ವಾರದಿಂದ ಹಟ ಹಿಡಿದಿದ್ದರು. ಭಿಕ್ಷುಕರನ್ನು ಹಿಡಿದು ತುಂಬಿಸಿಕೊಂಡು ಹೋಗುವ ವ್ಯಾನಿನ ಭಯ ಅವರಿಗೆ ಇನ್ನೂ ಹೋಗಿಲ್ಲ. ಅಂಥವರನ್ನು ಒಪ್ಪಿಸಿದವಳು ನಾನು. "ಅದು ಜೈಲಲ್ಲ ಅಜ್ಜಿ, ನಿಮ್ಮಂಥವರಿಗಾಗಿಯೇ ಇರುವ ಜಾಗ" ಎಂದು ಕೈಹಿಡಿದು ಕರೆದೊಯ್ದವಳು ನಾನು. ಆ ಮಾತು ಈಗ ನನ್ನನ್ನೇ ಚುಚ್ಚುತ್ತಿದೆ.

ವಸತಿರಹಿತರ ಆಶ್ರಯ ಕೇಂದ್ರ. ಫಲಕದ ಮೇಲೆ ಹಾಗೆಂದೇ ಬರೆದಿದೆ. ಒಳಗೆ ಕಾಲಿಟ್ಟ ಕೂಡಲೇ ಬಂದ ಮೊದಲ ಪ್ರಶ್ನೆ: "ಆಧಾರ್ ಎಲ್ಲಿ? ವಿಳಾಸದ ದಾಖಲೆ ಏನಿದೆ?"

ಇಲ್ಲ ಎಂದೆ. ಆತ ನನ್ನ ಕಡೆ ತಿರುಗಿ, "ಮೇಡಂ, ನೀವು ಇವರಿಗೆ ಏನಾಗಬೇಕು?" ಎಂದ. ಏನೂ ಆಗಬೇಕಿಲ್ಲ ಎಂದೆ. ಪುಸ್ತಕದಲ್ಲಿ 'ಸಂಬಂಧ' ಎಂಬ ಕಾಲಂ ಇತ್ತು, ಅದಕ್ಕೊಂದು ಗೆರೆ ಎಳೆದ. ನಂತರ ಅಜ್ಜಿಗೆ ಹೇಳಿದ: "ಏಯ್, ಗಂಟು ಬಿಚ್ಚು. ಏನೇನು ತಂದಿದ್ದೀಯ ನೋಡೋಣ."

ನನಗೆ ಮೇಡಂ, ನೀವು. ಎಪ್ಪತ್ತು ದಾಟಿದ ಹೆಂಗಸಿಗೆ ಏಯ್, ಬಿಚ್ಚು. ಅವನ ಅಜ್ಜಿಯ ವಯಸ್ಸಿನವರು!

ಅಜ್ಜಿ ನೆಲದ ಮೇಲೆ ಕುಳಿತರು. ಮಳೆಗೆ ನೆನೆದು ಗಂಟು ಬಿಗಿದಿತ್ತು, ಬೆರಳಿನಲ್ಲಿ ಆಗದೆ ಹಲ್ಲಿನಿಂದ ಕಚ್ಚಿ ಬಿಚ್ಚಿದರು. ಒಳಗೆ ಮಲಗಿದ್ದವರಲ್ಲಿ ನಾಲ್ಕೈದು ಮಂದಿ ಎದ್ದು ಕುಳಿತು ನೋಡುತ್ತಿದ್ದರು. ಎರಡು ರವಿಕೆ, ಬಟ್ಟೆಯಲ್ಲಿ ಸುತ್ತಿದ ಲೋಟ, ಹಲ್ಲು ಮುರಿದ ಬಾಚಣಿಗೆ, ಎರಡೇ ಮಾತ್ರೆ ಉಳಿದಿದ್ದ ಪಟ್ಟಿ. ಆತ ಕೈಯಿಂದ ಮುಟ್ಟಲಿಲ್ಲ. ಪೆನ್ನಿನ ತುದಿಯಿಂದ ಒಂದೊಂದನ್ನೇ ಎತ್ತಿ ಪಕ್ಕಕ್ಕೆ ಹಾಕಿದ. ರವಿಕೆಯನ್ನೂ ಹಾಗೆಯೇ ಎತ್ತಿದ. ಅಜ್ಜಿ ಅದನ್ನು ಸರಕ್ಕನೆ ಎಳೆದುಕೊಂಡು ಸೆರಗಿನೊಳಗೆ ಮುಚ್ಚಿಕೊಂಡರು.

ಕೊನೆಗೆ ಪ್ಲಾಸ್ಟಿಕ್ ಚೀಲದೊಳಗಿನ ಕಾಗದವೊಂದನ್ನು ತಾವಾಗಿಯೇ ಮುಂದೆ ಹಿಡಿದರು. ಹಳೆಯ ಕರೆಂಟ್ ಬಿಲ್ಲು. "ಇದರಲ್ಲಿ ಮನೆ ನಂಬರ್ ಇದೆಯಪ್ಪ. ನಾನು ಇದ್ದ ಮನೆ" ಎಂದರು. ಹನ್ನೊಂದು ವರ್ಷ ಬಾಡಿಗೆಗೆ ಇದ್ದ ಒಂದು ಕೋಣೆಯ ಬಿಲ್ಲು ಅದು. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗುವ ಹಾಗಿತ್ತು. ಆತ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ಓದಿ, "ಇದು ಓನರ್ ಹೆಸರಿನಲ್ಲಿದೆ. ನಿನ್ನ ಹೆಸರು ಎಲ್ಲಿದೆ ತೋರಿಸು" ಎಂದ.

ಅಜ್ಜಿಗೆ ಓದಲು ಬರುವುದಿಲ್ಲ. ಆದರೂ ಬಗ್ಗಿ ಆ ಕಾಗದದಲ್ಲಿ ತಮ್ಮ ಹೆಸರು ಹುಡುಕಿದರು.

ನಾನು ಆಗ ಏನು ಮಾಡಿದೆ? "ಸರ್, ದಯವಿಟ್ಟು, ಇದೊಂದು ರಾತ್ರಿ" ಎಂದು ಹಲ್ಲುಗಿಂಜಿದೆ. ಕೂಗಾಡಬೇಕಿತ್ತು. ಪೆನ್ನು ಕಿತ್ತುಕೊಳ್ಳಬೇಕಿತ್ತು. ಕಿತ್ತುಕೊಂಡಿದ್ದರೆ ನಾಳೆಯಿಂದ ನಾವು ಕರೆದೊಯ್ಯುವ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ, ಅದೂ ಗೊತ್ತು. ಆದ್ದರಿಂದ ಬಾಯಿ ಮುಚ್ಚಿಕೊಂಡೆ. ಅದಕ್ಕೇ ನನ್ನ ಮೇಲೆ ನನಗೆ ಇಷ್ಟು ಅಸಹ್ಯ.

ಈಗ ಯಾರಾದರೂ ನನಗೆ ಉತ್ತರ ಕೊಡಿ. ಇಲಾಖೆಯವರು, ವಾರ್ಡಿನವರು, ಯಾರಾದರೂ ಸರಿ. ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ ಇರಬೇಕು, ವರ್ಷವಿಡೀ ದಿನದ 24 ಗಂಟೆಯೂ ತೆರೆದಿರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2010ರಲ್ಲಿ. 2013ರಲ್ಲಿ ಬಂದ, ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯನ್ನು ತೆಗೆದು ಓದಿ. ಇಲ್ಲಿಗೆ ಬಂದವರಿಗೆ ಗುರುತಿನ ಚೀಟಿ, ಪಡಿತರ ಚೀಟಿ, ಪಿಂಚಣಿ ಸಿಗುವಂತೆ ನೋಡಿಕೊಳ್ಳುವುದೂ ಈ ಕೇಂದ್ರದ ಕೆಲಸ ಎಂದು ಅದರಲ್ಲಿದೆ. ನೀವು ಮಾಡಿಸಿಕೊಡಬೇಕಾದ ಚೀಟಿಯನ್ನು ಬಾಗಿಲಲ್ಲೇ ಅವರಿಂದ ಕೇಳುತ್ತೀರಾ? 2011ರ ಜನಗಣತಿಯಲ್ಲಿ ಫೆಬ್ರವರಿ 28ರ ರಾತ್ರಿ ಪಾದಚಾರಿ ಮಾರ್ಗ, ಮೇಲ್ಸೇತುವೆ, ರೈಲು ನಿಲ್ದಾಣಗಳನ್ನು ಸುತ್ತಿ ಎಣಿಸಿದಾಗ ದೇಶದಲ್ಲಿ ಸುಮಾರು 17.7 ಲಕ್ಷ ಮಂದಿ ಮನೆಯಿಲ್ಲದವರು ಸಿಕ್ಕರು. ಎಣಿಸುವಾಗ ಬೇಡವಾಗಿದ್ದ ದಾಖಲೆ ಮಲಗಲು ಜಾಗ ಕೊಡುವಾಗ ಏಕೆ ಬೇಕು? ನನ್ನ ಆಸ್ತಿ ತೆರಿಗೆಯ ಜೊತೆಗೆ ಪ್ರತಿ ವರ್ಷ ಶೇ 3ರಷ್ಟು ಭಿಕ್ಷುಕರ ಕರ ವಸೂಲು ಮಾಡುತ್ತೀರಿ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ಅದು ಭಿಕ್ಷುಕರ ಪರಿಹಾರಕ್ಕೆಂದೇ ತೆಗೆದುಕೊಳ್ಳುವ ಹಣ. ಅದರಲ್ಲಿ ಈ ಅಜ್ಜಿಗೆ ಒಂದು ಚಾಪೆಯಷ್ಟು ಜಾಗ ಬರುವುದಿಲ್ಲವೇ?

ಆ ಮನುಷ್ಯನನ್ನು ಬೈದು ಏನು ಪ್ರಯೋಜನ, ಅದೂ ನಿಜ. ರಾತ್ರಿ ಪಾಳಿಗೆ ಅವನೊಬ್ಬನೇ. ಯಾರೋ ಕುಡಿದು ಬಂದು ಗಲಾಟೆ ಮಾಡಿದರೆ, ಯಾರಾದರೂ ರಾತ್ರಿ ಸತ್ತರೆ, ಮೇಲಿನವರು ಹಿಡಿಯುವುದು ಅವನ ಕುತ್ತಿಗೆಯನ್ನೇ. ಸಂಬಳವೂ ಸರಿಯಾಗಿ ಬರುವುದಿಲ್ಲವಂತೆ. ಕೇಳಿದಾಗ ಅಯ್ಯೋ ಅನ್ನಿಸಿತು. ಆದರೆ ಏಯ್ ಎನ್ನುವಂತೆ ಯಾವ ಮೇಲಧಿಕಾರಿಯೂ ಆದೇಶ ಹೊರಡಿಸಿಲ್ಲ. ಅದು ಅವನದೇ.

ಪೊಲೀಸ್ ಠಾಣೆಯಿಂದ ಪತ್ರ ತಂದರೆ ಸೇರಿಸಿಕೊಳ್ಳುತ್ತೇನೆ ಎಂದ. ಆ ಮಳೆಯಲ್ಲಿ ಅಜ್ಜಿಯನ್ನು ನಡೆಸಿಕೊಂಡು ಠಾಣೆಗೆ ಹೋದೆ. "ಕಾಣೆಯಾದವರಿಗಾದರೆ ಬರೆದುಕೊಡಬಹುದು, ಇವರೇನು ಕಾಣೆಯಾಗಿಲ್ಲವಲ್ಲ" ಎಂದರು. ಹಿಂದಿರುಗುವಷ್ಟರಲ್ಲಿ ಗೇಟಿಗೆ ಬೀಗ. ಹತ್ತು ನಿಮಿಷ ಬಡಿದೆ. ಒಳಗಿನ ದೀಪವೂ ಆರಿತು.

ಮುಚ್ಚಿದ ಅಂಗಡಿಯೊಂದರ ಜಗಲಿಯಲ್ಲಿ ಅಜ್ಜಿ ಕುಳಿತುಕೊಂಡರು. ನಾನು ಅಳುತ್ತಿದ್ದೆ. ಅವರು ಅಳಲಿಲ್ಲ. "ಹೋಗು ತಾಯಿ, ಹೊತ್ತಾಯಿತು, ಮನೆಯವರು ಕಾಯುತ್ತಿರುತ್ತಾರೆ" ಎಂದರು. ಹೋದೆ. ಬೀಗ ತೆಗೆದು ಒಳಗೆ ಬಂದು ಒಣಬಟ್ಟೆ ಉಟ್ಟು ಹಾಸಿಗೆಯಲ್ಲಿ ಮಲಗಿದೆ. ನಮ್ಮ ಮನೆಗೆ ಕರೆದುಕೊಂಡು ಬರಬಹುದಿತ್ತಲ್ಲ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ: ಬರಬಹುದಿತ್ತು. ಕರೆದುಕೊಂಡು ಬರಲಿಲ್ಲ.

ಈ ಕೆಲಸ ಸಾಕು, ಇನ್ನು ನನ್ನಿಂದಾಗದು ಎಂದು ಬೆಳಗಿನ ಜಾವ ಗುಂಪಿಗೆ ಸಂದೇಶ ಬರೆದೆ. ಕಳುಹಿಸಲಿಲ್ಲ. ಶನಿವಾರ ಹೊದಿಕೆ ಹಂಚುವ ಸರದಿ ನನ್ನದು, ನಾನು ಹೋಗದಿದ್ದರೆ ಇನ್ನೊಬ್ಬರಿಲ್ಲ.

ಬೆಳಿಗ್ಗೆ ಜಗಲಿಯ ಬಳಿ ಹೋದಾಗ ಅಜ್ಜಿ ಗಂಟನ್ನು ಮತ್ತೆ ಬಿಚ್ಚಿ ಹರಡಿಕೊಂಡು ಕುಳಿತಿದ್ದರು. ಬಿಲ್ಲು ಇರಲಿಲ್ಲ. ಅದು ಆತನ ಮೇಜಿನ ಮೇಲೆಯೇ ಉಳಿದುಹೋಗಿದೆ. ನಾನಾದರೂ ಕೇಳಿ ತೆಗೆದುಕೊಳ್ಳಬೇಕಿತ್ತು. ಕೇಂದ್ರಕ್ಕೆ ಓಡಿದೆ. ಹಗಲು ಪಾಳಿಯವರು ಅಂಥ ಕಾಗದ ಯಾವುದೂ ಇಲ್ಲ, ಕಸ ಗುಡಿಸಿ ಆಗಿದೆ ಎಂದರು.

ಆ ಕೇಂದ್ರದಲ್ಲಿ ಕೆಲಸ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ಮೇಜಿನ ಖಾನೆ, ಪುಸ್ತಕದ ನಡುವೆ, ಕಸದ ಬುಟ್ಟಿ, ಎಲ್ಲ ಕಡೆ ಇನ್ನೊಮ್ಮೆ ನೋಡಿ. ನಾಲ್ಕು ಮಡಿಕೆಯ ಕರೆಂಟ್ ಬಿಲ್ಲು, ಒಂದು ಮೂಲೆಗೆ ಕುಂಕುಮದ ಕಲೆ ಇದೆ. ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.