ಉಪನ್ಯಾಸ ಯಾರಿಗಾಗಿ ಇಟ್ಟಿದ್ರಿ?

ನಿನ್ನೆ ಮಧ್ಯಾಹ್ನದಿಂದ ಒಂದೇ ಸಂಕಟ. ಬರೆದು ಹೊರಗೆ ಹಾಕದಿದ್ದರೆ ಇವತ್ತೂ ನಿದ್ದೆ ಬರೋದಿಲ್ಲ. ಉದ್ದ ಆಗ್ತದೆ, ಪುರಸೊತ್ತು ಮಾಡಿಕೊಂಡು ಓದಿ.

ನಮ್ಮೂರಿನ ಹೊರಗಿರೋ ವಿಶ್ವವಿದ್ಯಾಲಯದಲ್ಲಿ ನಿನ್ನೆ ಒಂದು ದತ್ತಿ ಉಪನ್ಯಾಸ ಇತ್ತು. ವಿಷಯ ವೀರಗಲ್ಲು, ಅಂದರೆ ಕಾದಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲು. ಮಾತಾಡಲು ಬಂದವರು ನಿವೃತ್ತ ಪ್ರಾಧ್ಯಾಪಕರು, ಆಯುಷ್ಯವಿಡೀ ಊರೂರು ತಿರುಗಿ ಕಲ್ಲು ಓದಿದವರು. ಹೆಸರು ಹಾಕೋದಿಲ್ಲ, ಅವರಿಗೆ ಮುಜುಗರ ಆಗಬಾರದು. ನನಗೆ ವಿಷಯ ತಿಳಿದದ್ದು ಅಲ್ಲಿ ಎಂ.ಎ. ಓದ್ತಿರೋ ನನ್ನ ಹಳೇ ವಿದ್ಯಾರ್ಥಿನಿ ಹಿಂದಿನ ರಾತ್ರಿ ಆಮಂತ್ರಣ ಪತ್ರಿಕೆಯ ಫೋಟೋ ಕಳಿಸಿದ್ದರಿಂದ. ಶಾಲೆಗೆ ಅರ್ಧ ದಿನ ರಜೆ ಹಾಕಿ, ಬಸ್ಸು ಇಳಿದು, ದೊಡ್ಡ ಗೇಟಿನಿಂದ ಒಳಗೆ ಒಂದು ಮೈಲು ಬಿಸಿಲಲ್ಲಿ ನಡೆದು ಹೋದೆ. ಗೇಟಿನಲ್ಲಿ ‘ಯಾರನ್ನ ಕಾಣಬೇಕು’ ಅಂತ ಕೇಳಿದರು. ಉಪನ್ಯಾಸ ಕೇಳೋಕೆ ಬಂದಿದ್ದೀನಿ ಅಂದರೆ ಪಾಪ ಆ ಮನುಷ್ಯನಿಗೆ ಅರ್ಥವೇ ಆಗಲಿಲ್ಲ. ಹೊರಗಿನವರು ಯಾರೂ ಹಾಗೆ ಹೇಳಿಕೊಂಡು ಬಂದದ್ದು ಅವನು ಕಂಡಿರಲಿಲ್ಲ.

ಪತ್ರಿಕೆಯಲ್ಲಿ 11 ಗಂಟೆ ಅಂತಿತ್ತು. ಶುರುವಾದದ್ದು 12ಕ್ಕೆ, ಗಣ್ಯರು ಬಂದ ಮೇಲೆ. ದೀಪ, ಸ್ವಾಗತ, ಪ್ರಾಸ್ತಾವಿಕ ನುಡಿ, ಆಮೇಲೆ ಸನ್ಮಾನ. ಒಬ್ಬೊಬ್ಬರಿಗೂ ಶಾಲು, ಹಾರ, ಪುಸ್ತಕ, ಫೋಟೋ. ನಾಡಗೀತೆ ಎರಡೂವರೆ ನಿಮಿಷದಲ್ಲಿ ಮುಗಿಯಬೇಕು ಅಂತ ಸರ್ಕಾರ 2022ರಲ್ಲಿ ಆದೇಶ ಮಾಡಿತು. ಸನ್ಮಾನಕ್ಕೂ ಯಾರಾದರೂ ಒಂದು ಅಳತೆ ಗೊತ್ತುಮಾಡಲಿ, ಕೈ ಮುಗೀತೀನಿ. ಮೇಷ್ಟ್ರ ಕೈಗೆ ಮೈಕು ಸಿಕ್ಕಾಗ ಒಂದು ಗಂಟೆಗೆ ಹತ್ತು ನಿಮಿಷ ಇತ್ತು.

ಆಮೇಲಿನ ಇಪ್ಪತ್ತು ನಿಮಿಷ! ಎಷ್ಟು ವರ್ಷ ಆಗಿತ್ತು ಅಂಥ ಮಾತು ಕೇಳಿ.

ಅವರು ಆತಕೂರಿನ ಕಲ್ಲಿನಿಂದ ಶುರು ಮಾಡಿದರು. ಈಗಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನದು, ಕ್ರಿ.ಶ. 949-50ರ ಕಾಲದ್ದು, ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಗಂಗರ ದೊರೆ ಬೂತುಗ ‘ಏನು ಬೇಕೋ ಕೇಳು’ ಅಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನೋ ನಾಯಿಯನ್ನ ಕೇಳಿದ. ಆ ನಾಯಿ ಮುಂದೆ ಒಂದು ಕಾಡುಹಂದಿಯ ಜತೆ ಕಾದಾಡಿತು, ಎರಡೂ ಸತ್ತವು. ಮಣಲೇರ ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟಲಿ ಅಂತ ಬರೆಸಿದ. ಒಬ್ಬ ಯೋಧ ತನ್ನ ನಾಯಿಗಾಗಿ ಅತ್ತದ್ದು ಸಾವಿರ ವರ್ಷ ಕಲ್ಲಿನಲ್ಲಿ ಉಳಿದಿದೆ ಅಂತ ಮೇಷ್ಟ್ರು ಹೇಳಿದಾಗ ಹಿಂದಿನ ಸಾಲಿನಲ್ಲಿ ಮೊಬೈಲು ನೋಡ್ತಿದ್ದ ಹುಡುಗರು ತಲೆ ಎತ್ತಿದರು. ನಾನು ಕಣ್ಣಾರೆ ಕಂಡೆ.

ಆಮೇಲೆ ಸಾಮಾನ್ಯ ವೀರಗಲ್ಲಿನ ಮೂರು ಅಂತಸ್ತು: ಕೆಳಗೆ ಕಾಳಗ, ನಡುವೆ ವೀರನನ್ನ ಎತ್ತಿಕೊಂಡು ಹೋಗೋ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ತುರುಗೊಳ್ ಅಂದರೆ ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಕಾದದ್ದು. ಊರಳಿವು ಅಂದರೆ ಊರು ಸೂರೆ ಹೋಗುವಾಗ ಕಾದದ್ದು. ಪೆಣ್ಬುಯ್ಯಲ್ ಅಂದರೆ ಹೆಣ್ಣುಮಕ್ಕಳ ಮೇಲೆ ಕೈ ಹಾಕಿದಾಗ ಅಡ್ಡ ನಿಂತು ಕಾದದ್ದು. ಸತ್ತವರಲ್ಲಿ ರಾಜರು ಕಡಿಮೆ, ನಮ್ಮ ನಿಮ್ಮಂಥವರೇ ಹೆಚ್ಚು. ‘ಈಗ ಸವೆದ ಕಲ್ಲನ್ನ ಹೇಗೆ ಓದೋದು ಅಂತ ಹೇಳ್ತೀನಿ, ಅದಕ್ಕೆ ಓರೆ ಬೆಳಕು ಬೇಕು’ ಅಂತ ಅವರು ಶುರು ಮಾಡಿದರು ನೋಡಿ, ಅಷ್ಟರಲ್ಲಿ ಚೀಟಿ ಬಂತು. ಊಟದ ಹೊತ್ತಾಯಿತು, ಮುಗಿಸಿ. ಮೇಷ್ಟ್ರು ಚೀಟಿ ಓದಿ, ಮಡಚಿ ಜೇಬಿಗೆ ಹಾಕಿಕೊಂಡು, ‘ಉಳಿದದ್ದು ಇನ್ನೊಮ್ಮೆ’ ಅಂದು ಕೂತುಬಿಟ್ಟರು. ಸಂವಾದವೂ ಇಲ್ಲ. ವಂದನಾರ್ಪಣೆಗೆ ಮಾತ್ರ ಹತ್ತು ನಿಮಿಷ ಇತ್ತು.

ಇನ್ನು ಹೇಳಬೇಕಾದ ಮುಖ್ಯ ಮಾತು. ಎಲ್ಲರೂ ಊಟಕ್ಕೆ ಎದ್ದರು. ಮೈಕ್ ಸೆಟ್ಟಿನ ಹುಡುಗ, ಇಪ್ಪತ್ತೈದು ವರ್ಷ ಇದ್ದಾನು, ವೈರು ಸುತ್ತೋದು ಬಿಟ್ಟು ಮೇಷ್ಟ್ರ ಹತ್ತಿರ ಬಂದ. ‘ಸರ, ಒಂದ್ ಮಾತ್ ಕೇಳ್ಲಿ? ನಮ್ಮೂರ ಕೆರಿ ಏರಿ ಮ್ಯಾಲ ಇಂಥಾದೊಂದ್ ಕಲ್ಲ ಐತ್ರಿ. ಕೆಳಗ ದನಾ ಅದಾವ್ರಿ. ಮ್ಯಾಲಿಂದು ಅರ್ಧಾ ಸವದೈತಿ. ನಮ್ಮವ್ವ ಅಮಾಸಿಗೊಮ್ಮೆ ಎಣ್ಣಿ ಹಚ್ತಾಳ್ರಿ. ಅದು ದೇವರಲ್ಲೇನ್ರಿ ಹಂಗಾರ?’

ಮೇಷ್ಟ್ರ ಮುಖ ಅರಳಿತು. ‘ದೇವರ ಅಂತನ ತಿಳ್ಕೋ ತಮ್ಮಾ. ನಿಮ್ಮೂರ ದನಾ ಉಳಿಸಾಕ ಹೋಗಿ ಸತ್ತಾವ ಅಂವಾ. ನಿಮ್ಮವ್ವ ಎಣ್ಣಿ ಹಚ್ಚೋದ್ ಬಿಡಬಾರದು. ಅಕ್ಷರಾ ಏನರ ಕಾಣ್ತಾವ?’ ಹುಡುಗ ಮೊಬೈಲು ತೆಗೆದ. ಇಬ್ಬರೂ ವೇದಿಕೆಯ ಮೆಟ್ಟಿಲ ಮೇಲೆ ತಲೆಗೆ ತಲೆ ಹಚ್ಚಿ ಕೂತರು. ಇಡೀ ಸಭಾಂಗಣದಲ್ಲಿ ಆ ಉಪನ್ಯಾಸ ನಿಜವಾಗಿ ಬೇಕಾಗಿದ್ದ ಮನುಷ್ಯ ಅವನು. ಅವನು ಅಲ್ಲಿದ್ದದ್ದು ಮೈಕು ಬಾಡಿಗೆಗೆ ತಂದಿದ್ದರಿಂದ. ಅವನನ್ನ ಯಾರೂ ಕರೆದಿರಲಿಲ್ಲ.

ಇದೇ ನನ್ನ ಜಗಳ. ನೀವು ಊರನ್ನ ಯಾಕೆ ಕರೆಯೋದಿಲ್ಲ?

ದತ್ತಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ. ಯಾರೋ ಒಬ್ಬರು ತಮ್ಮ ತಂದೆಯದೋ ಗಂಡನದೋ ಹೆಸರಲ್ಲಿ ಒಂದು ಮೊತ್ತ ಕೊಡ್ತಾರೆ, ಸಂಸ್ಥೆ ಅದನ್ನ ಬ್ಯಾಂಕಿನಲ್ಲಿ ಇಡ್ತದೆ, ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ. ಕನ್ನಡ ಸಾಹಿತ್ಯ ಪರಿಷತ್ತು, ಧಾರವಾಡದ ವಿದ್ಯಾವರ್ಧಕ ಸಂಘ, ಎಲ್ಲ ಕಡೆ ಇಂಥ ದತ್ತಿಗಳಿವೆ. ನಿನ್ನೆಯ ದತ್ತಿ ಇಟ್ಟ ಅಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದರು. ಗಂಡ ಹಳ್ಳಿಯ ಪ್ರಾಥಮಿಕ ಶಾಲೆಯ ಮಾಸ್ತರರು. ತಮ್ಮ ಪೆನ್ಷನ್ನಿನಲ್ಲಿ ಉಳಿಸಿ ಕೊಟ್ಟ ದುಡ್ಡು ಅಂತ ಊಟದ ಪಾಳಿಯಲ್ಲಿ ನನಗೆ ಹೇಳಿದರು. ‘ಅವರು ಮಂದಿಗೆ ತಿಳೀಬೇಕು ಅಂತಿದ್ರು ಅಕ್ಕಾರ, ಬರೇ ಹುಡುಗರಿಗಲ್ಲ’ ಅಂದರು. ಹಾಜರಿ ಹಾಕ್ತೀವಿ ಅಂತ ಹೆದರಿಸಿ ಕೂರಿಸಿದ ಅರವತ್ತು ಹುಡುಗರ ಮುಂದೆ ಇಪ್ಪತ್ತು ನಿಮಿಷ ಮಾತಾಡಿಸಿ ಚೀಟಿ ಕೊಟ್ಟರೆ, ಆ ಅಮ್ಮನ ದುಡ್ಡಿಗೆ ನಾವು ಏನು ಉತ್ತರ ಕೊಟ್ಟ ಹಾಗಾಯಿತು?

ನನ್ನ ಅಪ್ಪ ಟೇಲರು ಅಂತ ನಿಮಗೆಲ್ಲ ಗೊತ್ತು. ನಾಲ್ಕನೇ ಇಯತ್ತೆವರೆಗೆ ಓದಿದವನು. ನವರಾತ್ರಿಯಲ್ಲಿ ನಾಡಹಬ್ಬ ಬಂತು ಅಂದರೆ ಸಂಜೆ ಆರಕ್ಕೆ ಮಿಷನ್ನಿಗೆ ಬಟ್ಟೆ ಹೊದಿಸಿ, ಮುಖ ತೊಳೆದು, ನನ್ನನ್ನ ಸೈಕಲ್ಲಿನ ಮುಂದೆ ಕೂರಿಸಿಕೊಂಡು ವ್ಯಾಖ್ಯಾನಕ್ಕೆ ಹೋಗ್ತಿದ್ದ. ಹಬ್ಬದ ಬಟ್ಟೆ ಹೊಲಿಯೋ ಸುಗ್ಗಿಯ ಕಾಲ ಅದು, ಆದರೂ ಒಂಬತ್ತು ದಿನ ತಪ್ಪಿಸ್ತಿರಲಿಲ್ಲ. ಪಂಪನ ಹೆಸರು ನಾನು ಮೊದಲು ಕೇಳಿದ್ದು ಶಾಲೆಯಲ್ಲಲ್ಲ, ಅಪ್ಪನ ತೊಡೆಯ ಮೇಲೆ ಅರ್ಧ ನಿದ್ದೆಯಲ್ಲಿ. ಅಪ್ಪನಿಗೆ ಎಲ್ಲ ತಿಳೀತಿತ್ತೋ ಇಲ್ಲವೋ, ಮರುದಿನ ಅಂಗಡಿಗೆ ಬಂದ ಗಿರಾಕಿಗಳ ಜತೆ ಅದೇ ಮಾತು. ನಾನು ಕನ್ನಡ ಟೀಚರಾದದ್ದು ಆ ಸಂಜೆಗಳಿಂದ. ಅಪ್ಪ ಈಗ ಇದ್ದಿದ್ದರೆ ಈ ವಿಶ್ವವಿದ್ಯಾಲಯದ ಒಂದೇ ಒಂದು ಉಪನ್ಯಾಸ ಕೇಳೋಕೆ ಅವನಿಂದ ಆಗ್ತಿರಲಿಲ್ಲ. ವಾರದ ನಡುವೆ ಬೆಳಗ್ಗೆ 11ಕ್ಕೆ ಯಾವ ಟೇಲರು, ಯಾವ ಕಿರಾಣಿ ಅಂಗಡಿಯವನು, ಯಾವ ರೈತ ಬರ್ತಾನೆ ಹೇಳಿ? ಬರೋ ಮನಸ್ಸಿದ್ದರೂ ತಿಳಿಯೋದು ಹೇಗೆ? ಪೇಪರಿನಲ್ಲಿ ಬರೋದು ನಡೆದ ಮರುದಿನ, ದೀಪ ಹಚ್ಚೋ ಫೋಟೋ ಜತೆಗೆ.

ವಿಶ್ವವಿದ್ಯಾಲಯ ಊರಿಗೆ ಮಾತಾಡಬೇಕು ಅನ್ನೋದು ನಾನು ಹೊಸದಾಗಿ ಹುಟ್ಟಿಸಿದ ಆಸೆಯಲ್ಲ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯ ಪ್ರಚಾರೋಪನ್ಯಾಸ ಅಂತಲೇ ನಡೆಸಿತು. ಪ್ರಾಧ್ಯಾಪಕರು ತಾಲ್ಲೂಕು ಊರುಗಳಿಗೆ ಹೋಗಿ ಕನ್ನಡದಲ್ಲಿ ಮಾತಾಡಿದರು, ಆ ಮಾತುಗಳು ಜೇಬಿನಲ್ಲಿ ಹಿಡಿಯೋ ಪುಸ್ತಕಗಳಾಗಿ ಬಂದವು. ಇವತ್ತಿಗೂ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪ್ರಸಾರಾಂಗ ಅನ್ನೋ ವಿಭಾಗ ಇದೆಯಲ್ಲ, ಆ ಹೆಸರಿಗೆ ಅರ್ಥ ಇರೋದೇ ಅಲ್ಲಿ. ಬಿ.ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡಕ್ಕೆ ಬಂದು ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ತಲೆ ಎತ್ತುವ ಬಗೆ ಹೇಗೆ ಅಂತ ಮಾತಾಡಿದರು. ಒಂದೇ ಒಂದು ಭಾಷಣ ಅದು. ಹೊಸಗನ್ನಡದ ಕಥೆ ಹೇಳುವವರು ಇವತ್ತಿಗೂ ಅದನ್ನ ಬಿಟ್ಟು ಮುಂದೆ ಹೋಗೋದಿಲ್ಲ. ಅವರ ಕೈಗೆ ಯಾರಾದರೂ ಊಟದ ಚೀಟಿ ಕೊಟ್ಟಿದ್ದರೆ?

ಕಲೆಯ ಕಾರ್ಯಕ್ರಮದ ಗತಿ ಇದಕ್ಕಿಂತ ಕಡೆ. ಹೋದ ವರ್ಷ ಅಲ್ಲೇ ಒಂದು ಸಾಂಸ್ಕೃತಿಕ ಉತ್ಸವಕ್ಕೆ ದೊಡ್ಡಾಟದ ಮೇಳ ಕರೆಸಿದ್ದರು. ದೊಡ್ಡಾಟ ಅಂದರೆ ನಮ್ಮ ಕಡೆಯ ಬಯಲಾಟ, ರಾತ್ರಿ ಊಟ ಮಾಡಿ ಕೂತರೆ ಬೆಳಗಿನ ತನಕ. ಅವರಿಗೆ ಕೊಟ್ಟದ್ದು ಹದಿನೈದು ನಿಮಿಷ, ಮಟಮಟ ಮಧ್ಯಾಹ್ನ, ಎರಡು ಭಾಷಣಗಳ ನಡುವೆ. ಬಣ್ಣ ಹಚ್ಚಿಕೊಂಡು, ಕಿರೀಟ ಭುಜಕೀರ್ತಿ ಕಟ್ಟಿಕೊಂಡು ಮೂರು ತಾಸು ಬೇವಿನ ಮರದ ಕೆಳಗೆ ಕಾದರು. ಬಣ್ಣ ಬೆವರಿಗೆ ಇಳೀತಿತ್ತು. ಪಾತ್ರ ಬಂದು, ಸಾರಥಿ ‘ತಾವು ಧಾರು’ ಅಂತ ಕೇಳಿ, ಅವನು ತನ್ನ ಹೆಸರು ಹೇಳಿಕೊಳ್ಳೋ ಹೊತ್ತಿಗೆ ಸಮಯ ಮುಗಿದಿತ್ತು. ಭೀಮನ ವೇಷದ ಹಿರಿಯರು ಗದೆ ಹೆಗಲಿಗಿಟ್ಟು ಇಳಿದು ಬಂದದ್ದು ನನ್ನ ಕಣ್ಣಿಂದ ಹೋಗಿಲ್ಲ. ಅವರಿಗೂ ಶಾಲು ಹೊದಿಸಿದರು. ಅವರು ಬಂದದ್ದು ಕುಣಿಯೋಕೆ, ಶಾಲಿಗೆ ಅಲ್ಲ.

ಈ ಮಾತು ಅಲ್ಲಿನ ಒಬ್ಬ ಅಧ್ಯಾಪಕರ ಹತ್ತಿರ ಎತ್ತಿದೆ. ಒಳ್ಳೆಯವರು, ನನ್ನ ಸ್ನೇಹಿತರು. ‘ಸಂಜೆ ಇಟ್ಟರೆ ಯಾರೂ ಬರೋದಿಲ್ಲ ಮೇಡಮ್, ಎಲ್ಲ ಯೂಟ್ಯೂಬಿನಲ್ಲಿ ಸಿಗ್ತದೆ. ನಮಗೆ ವಿಶ್ವವಿದ್ಯಾಲಯಗಳಿಗೆ ದರ್ಜೆ ಕೊಡೋ ನ್ಯಾಕ್‌ಗೆ ವರದಿ, ಫೋಟೋ ಬೇಕು. ಅಧ್ಯಾಪಕರು ಬೇರೆ ಅರ್ಧಕ್ಕರ್ಧ ಅತಿಥಿಗಳು’ ಅಂದರು. ಅವರ ಕಷ್ಟ ನನಗೆ ತಿಳೀತದೆ. ಅತಿಥಿ ಉಪನ್ಯಾಸಕರ ಸಂಬಳ ತಿಂಗಳುಗಟ್ಟಲೆ ಬರೋದಿಲ್ಲ, ಅದೇ ಒಂದು ದೊಡ್ಡ ನೋವು. ಆದರೆ ‘ಯಾರೂ ಬರೋದಿಲ್ಲ’ ಅನ್ನೋ ಮಾತು ಮಾತ್ರ ನಾನು ಒಪ್ಪೋದಿಲ್ಲ, ಸುತಾರಾಂ ಒಪ್ಪೋದಿಲ್ಲ. ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿಯಲ್ಲಿ ತೀರಿಕೊಳ್ಳೋ ತನಕ ಊರೂರಲ್ಲಿ ತಿಂಗಳುಗಟ್ಟಲೆ ಪ್ರವಚನ ಮಾಡಿದರು. ನಸುಕಿನಲ್ಲಿ, ಚಳಿಯಲ್ಲಿ, ಸಾವಿರಾರು ಜನ ನೆಲದ ಮೇಲೆ ಕೂತು ಕೇಳಿದರು. ಹೇಳಿದ ಹೊತ್ತಿಗೆ ಶುರು, ಹೇಳಿದ ಹೊತ್ತಿಗೆ ಮುಗಿತಾಯ. ಅವರು ಹೇಳ್ತಿದ್ದದ್ದು ಉಪನಿಷತ್ತು, ವಚನ, ಗಿಡ, ಹಕ್ಕಿ. ಹಗುರ ಮಾತಲ್ಲ. ಕೇಳಿದವರು ಹಾಲು ಹಾಕೋರು, ಹೊಲಕ್ಕೆ ಹೋಗೋರು, ನಮ್ಮಂಥ ಮಾಸ್ತರರು.

ಸಾಗರ ತಾಲ್ಲೂಕಿನ ಹೆಗ್ಗೋಡು ನೋಡಿ. ಅಡಿಕೆ ತೋಟಗಳ ನಡುವಿನ ಹಳ್ಳಿ. 1949ರಲ್ಲಿ ನೀನಾಸಮ್ ಅನ್ನೋ ನಾಟಕದ ಸಂಸ್ಥೆ ಹುಟ್ಟಿತು, ಅದನ್ನ ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿಯ ಸಂಸ್ಕೃತಿ ಶಿಬಿರಕ್ಕೆ ನಾನು ಎರಡು ಸಲ ಹೋಗಿದ್ದೆ. ಹಗಲು ಉಪನ್ಯಾಸ, ರಾತ್ರಿ ನಾಟಕ, ಮರುದಿನ ಆ ನಾಟಕದ ಮೇಲೆ ಚರ್ಚೆ. ಊರಿನ ಹೆಂಗಸರು ಮನೆಗೆಲಸ ಮುಗಿಸಿ ಬಂದು ನಾಟಕ ನೋಡ್ತಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಘಟಿಕೋತ್ಸವವನ್ನೇ ನುಡಿಹಬ್ಬ ಅಂತ ಕರೆದು ಬಯಲು ರಂಗಮಂದಿರದಲ್ಲಿ ಮಾಡ್ತದೆ. ಅಂದರೆ ಮನಸ್ಸು ಮಾಡಿದವರಿಗೆ ದಾರಿ ಇದೆ. ಸಂಜೆ ಆರಕ್ಕೆ, ಊರೊಳಗೆ, ಯಾವುದಾದರೂ ಶಾಲೆಯ ಅಂಗಳದಲ್ಲಿ ಇಡಿ. ನಮ್ಮ ಶಾಲೆಯ ಅಂಗಳ ಕೊಡಿಸೋ ಜವಾಬ್ದಾರಿ ನನ್ನದು. ಬಸ್‌ಸ್ಟ್ಯಾಂಡಿನಲ್ಲಿ ಎರಡು ಫಲಕ ಬರೆಸಿ. ಹೂವು, ಶಾಲು ಬಿಡಿ, ಮೇಷ್ಟ್ರಿಗೆ ಒಂದು ಗಂಟೆ, ಕೇಳುಗರಿಗೆ ಅರ್ಧ ಗಂಟೆ ಕೊಡಿ. ಮೊದಲ ದಿನ ಹತ್ತೇ ಜನ ಬರಲಿ, ಆ ಹತ್ತು ಜನ ತಾವಾಗಿ ಬಂದವರು ಅಲ್ಲವಾ?

ಇಷ್ಟು ಬೈದ ಮೇಲೆ ಇದನ್ನೂ ಬರೆಯಬೇಕು. ಆರು ವರ್ಷದ ಹಿಂದೆ ನಮ್ಮ ಶಾಲೆಯ ರಾಜ್ಯೋತ್ಸವಕ್ಕೆ ಕಾವ್ಯವನ್ನ ರಾಗವಾಗಿ ಓದೋ ಒಬ್ಬ ಹಿರಿಯ ಗಮಕಿಗಳನ್ನ ಕರೆಸಿದ್ದೆವು. ಕುಮಾರವ್ಯಾಸನ ಕರ್ಣಭೇದನ ವಾಚಿಸ್ತಿದ್ದರು. ಯಾರೋ ದೊಡ್ಡವರು ಬರ್ತಿದ್ದಾರೆ ಅಂತ ಫೋನು ಬಂತು. ಚೀಟಿ ಬರೆದು ಕಳಿಸಿದವಳು ನಾನು, ನನ್ನ ಕೈಬರಹದಲ್ಲೇ. ಅವರು ಪದ್ಯದ ನಡುವೆ ನಿಲ್ಲಿಸಿದರು. ಬಂದ ದೊಡ್ಡವರು ಐದು ನಿಮಿಷ ಇದ್ದು ಹೋದರು. ಗಮಕಿಗಳು ಈಗ ಇಲ್ಲ. ಅವರ ಹತ್ತಿರ ಕ್ಷಮೆ ಕೇಳೋ ಧೈರ್ಯ ನನಗೆ ಅವತ್ತು ಬರಲಿಲ್ಲ. ನಿನ್ನೆ ಮೇಷ್ಟ್ರು ಚೀಟಿ ಮಡಚಿದಾಗ ನನ್ನ ಎದೆ ಧಸಕ್ ಅಂದದ್ದು ಅದಕ್ಕೇ.

ನಿನ್ನೆ ಸಂಜೆ ಆ ಮೈಕ್ ಸೆಟ್ಟಿನ ಹುಡುಗ ಫೋನು ಮಾಡಿದ್ದ. ಮೇಷ್ಟ್ರು ಬರ್ತೀನಿ ಅಂದಿದ್ದಾರಂತೆ, ಬರೋ ಭಾನುವಾರ, ಬಸ್ಸಿಗೆ. ಸಂಜೆ ಐದಕ್ಕೆ ಕೆರೆ ಏರಿಯ ಮೇಲೆ ಕಲ್ಲು ನೋಡೋದು, ಆಮೇಲೆ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಕೂತು ಉಳಿದ ಮಾತು ಮುಗಿಸೋದು. ಮೈಕು ಅವನದೇ, ಬಾಡಿಗೆ ಇಲ್ಲ. ಅವರವ್ವ ಎಲ್ಲರಿಗೂ ರೊಟ್ಟಿ ಮಾಡ್ತಾರಂತೆ. ದತ್ತಿ ಇಟ್ಟ ಅಮ್ಮನನ್ನ ನಾನೇ ಕರೆದುಕೊಂಡು ಹೋಗ್ತೀನಿ. ಬರೋರು ಇನ್‌ಬಾಕ್ಸಿಗೆ ಬನ್ನಿ, ಊರು ಯಾವುದು, ಬಸ್ಸು ಯಾವುದು ಹೇಳ್ತೀನಿ. ಕತ್ತಲಾದ ಮೇಲೆ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟರೆ ಸವೆದ ಅಕ್ಷರ ಎದ್ದು ಕಾಣ್ತವಂತೆ. ಮನೆಯಲ್ಲಿ ಒಳ್ಳೇ ಬ್ಯಾಟರಿ ಇದ್ದವರು ಮರೀದೆ ತನ್ನಿ.