ಪಾಸ್‌ಪೋರ್ಟಿನಲ್ಲಿ ಬೇಸಾಯ, ಆಕಾಶದಲ್ಲಿ ಯುದ್ಧ

ಅಮೆರಿಕದ ಸೇನೆಯಿಂದ ಕ್ಯಾಪ್ಟನ್ ಆಗಿ ನಿವೃತ್ತರಾದ ಕ್ಲೇರ್ ಶೆನ್ನಾಲ್ಟ್ 1937ರಲ್ಲಿ ಚೀನಾಕ್ಕೆ ಹೊರಟಾಗ ಅವರ ಪಾಸ್‌ಪೋರ್ಟಿನ ವೃತ್ತಿ ಕಲಮಿನಲ್ಲಿ 'ರೈತ' ಎಂದು ನಮೂದಾಗಿತ್ತು. ಅಲ್ಲಿ ಅವರು ನಡೆಸಿದ ಸಾಗುವಳಿಯೆಂದರೆ ಚಿಯಾಂಗ್ ಕೈ ಶೆಕ್ ಸರ್ಕಾರದ ವಾಯುಪಡೆಗೆ ಸಲಹೆಗಾರರಾಗಿ, ಜಪಾನಿನ ಬಾಂಬರ್ ವಿಮಾನಗಳನ್ನು ಯಾವ ಎತ್ತರದಿಂದ, ಯಾವ ಕಡೆಯಿಂದ ಎರಗಿ ಕೆಡವಬೇಕೆಂದು ಲೆಕ್ಕ ಹಾಕಿದ್ದು. ಫಸಲು ಅಷ್ಟೇನೂ ಚೆನ್ನಾಗಿ ಬರಲಿಲ್ಲ. ಹೀಗಾಗಿ 1941ರ ಹೊತ್ತಿಗೆ ಈ ರೈತರಿಗೆ ಒಂದು ನೂರು ವಿಮಾನಗಳೂ, ಅವನ್ನು ಹಾರಿಸುವ ಒಂದು ನೂರು ಆಳುಗಳೂ ಬೇಕಾದವು.

ತೊಡಕು ಒಂದೇ: ಅಮೆರಿಕ ಆಗ ತಟಸ್ಥ ರಾಷ್ಟ್ರ. ತಟಸ್ಥ ರಾಷ್ಟ್ರದ ಸೈನಿಕರು ಪರರ ಯುದ್ಧದಲ್ಲಿ ಗುಂಡು ಹಾರಿಸುವಂತಿಲ್ಲ; ಆದರೆ ಅದೇ ಸೈನಿಕರು ರಾಜೀನಾಮೆ ಕೊಟ್ಟು, ಒಂದು ಖಾಸಗಿ ಕಂಪನಿಗೆ ಸೇರಿ, ಆಮೇಲೆ ಗುಂಡು ಹಾರಿಸಿದರೆ ಅದು ಉದ್ಯೋಗ. ಅಧ್ಯಕ್ಷ ರೂಸ್‌ವೆಲ್ಟ್ ಅವರ ಸಮ್ಮತಿಯಿಂದ ಕಂಪನಿಯ ದಲ್ಲಾಳಿಗಳು ಸೇನೆ ಮತ್ತು ನೌಕಾಪಡೆಯ ನೆಲೆಗಳಿಗೇ ಹೋಗಿ ಆಳುಗಳನ್ನು ಆರಿಸಿಕೊಂಡರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದನ್ನು ನಾವು ಕೇಳಿದ್ದೇವೆ. ಇಲ್ಲಿ ಬೆಕ್ಕು ಕಣ್ಣು ಮುಚ್ಚಿಕೊಂಡದ್ದಲ್ಲದೆ ಹಾಲಿಗೆ ರಸೀದಿಯನ್ನೂ ಬರೆಸಿಕೊಂಡಿತು.

ಕಂಪನಿಯ ಹೆಸರು ಸೆಂಟ್ರಲ್ ಏರ್‌ಕ್ರಾಫ್ಟ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ. ಅದರ ಕರಾರು ಪತ್ರ ಓದಲು ಯೋಗ್ಯವಾದ ಸಾಹಿತ್ಯ. ನೌಕರನು ಒಂದು ವರ್ಷದ ಕಾಲ ವಿಮಾನಗಳ ತಯಾರಿಕೆ, ದುರಸ್ತಿ ಮತ್ತು ಚಾಲನೆಯ ಕೆಲಸದಲ್ಲಿ ತೊಡಗತಕ್ಕದ್ದು ಎಂಬುದು ಅದರ ಸಾರ. ಯುದ್ಧವೆಂಬ ಅಪಶಕುನದ ಮಾತು ಅದರಲ್ಲಿರಲಿಲ್ಲ. ಪೈಲಟ್‌ಗೆ ತಿಂಗಳಿಗೆ 600 ಡಾಲರ್, ಸ್ಕ್ವಾಡ್ರನ್ ನಾಯಕನಿಗೆ 750. ಸೇನೆಯಲ್ಲಿದ್ದಾಗ ಕೈಗೆ ಬರುತ್ತಿದ್ದುದರ ಎರಡು ಪಟ್ಟಿಗೂ ಹೆಚ್ಚು. ಇದಲ್ಲದೆ ಕೆಡವಿದ ಒಂದೊಂದು ಜಪಾನಿ ವಿಮಾನಕ್ಕೂ 500 ಡಾಲರ್ ಇನಾಮು ಉಂಟೆಂದು ಬಾಯಿಮಾತಿನಲ್ಲಿ ತಿಳಿಸಲಾಯಿತು. ಈ ಬಾಬತ್ತನ್ನು ಕಾಗದಕ್ಕೆ ಇಳಿಸಲಿಲ್ಲ. ವಿಮಾನ ತಯಾರಿಸುವ ಕಂಪನಿಯು ವಿಮಾನ ಕೆಡವಿದ್ದಕ್ಕೆ ಹಣ ಕೊಡುವುದನ್ನು ಯಾವ ಲೆಕ್ಕಪತ್ರದ ಗುಮಾಸ್ತ ತಾನೇ ಯಾವ ಶೀರ್ಷಿಕೆಯಡಿ ಬರೆದಾನು?

ಈ ಕಂಪನಿಯ ಹಿಂದಿದ್ದ ವಿಲಿಯಂ ಪಾಲಿ ಬೆಂಗಳೂರಿನವರಿಗೆ ಪರಕೀಯರಲ್ಲ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಪಾಲುದಾರಿಕೆಯಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಆರಂಭಿಸಿದಾಗ ತಾಂತ್ರಿಕ ಹೊಣೆ ಹೊತ್ತದ್ದು ಇದೇ ಪಾಲಿ. ಬೆಂಗಳೂರಿನಲ್ಲಿ ಅವರು ಕಟ್ಟಿದ ವಿಮಾನ ಕಾರ್ಖಾನೆಯಲ್ಲಿ ನಿಜವಾಗಿಯೂ ವಿಮಾನಗಳು ತಯಾರಾದವು ಎಂಬುದನ್ನು ಇಲ್ಲಿ ದಾಖಲಿಸುವುದು ನ್ಯಾಯ.

ಬ್ರಿಟನ್ನಿಗೆಂದು ಸಿದ್ಧವಾಗುತ್ತಿದ್ದ ಪಿ-40 ಯುದ್ಧವಿಮಾನಗಳಲ್ಲಿ ನೂರನ್ನು ಚೀನಾಕ್ಕೆ ಬಿಟ್ಟುಕೊಡಲಾಯಿತು. ಗುರಿ ಹಿಡಿಯುವ ಸಾಧನ, ರೇಡಿಯೋ ಮುಂತಾದವು ಸರ್ಕಾರವೇ ಒದಗಿಸುವ ಸಾಮಗ್ರಿಗಳಾದ್ದರಿಂದ, ಮತ್ತು ಈ ವ್ಯವಹಾರದಲ್ಲಿ ಸರ್ಕಾರ ಎಲ್ಲಿಯೂ ಇಲ್ಲವಾದ್ದರಿಂದ, ಅವು ಬರಲಿಲ್ಲ. ಬರ್ಮಾದ ರಂಗೂನ್ ಬಂದರಿನಲ್ಲಿ ಇಳಿಸುವಾಗ ಒಂದು ವಿಮಾನದ ಒಡಲು ನೀರಿಗೆ ಬಿತ್ತು. ಉಳಿದದ್ದು ತೊಂಬತ್ತೊಂಬತ್ತು.

1941ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಡಚ್ ಹಡಗು ಹತ್ತಿದ ಯುವಕರನ್ನು ಕಂಡವರಿಗೆ ಇಷ್ಟೊಂದು ಗಟ್ಟಿಮುಟ್ಟಾದ ಗುಮಾಸ್ತರೂ ವಿದ್ಯಾರ್ಥಿಗಳೂ ಒಟ್ಟಿಗೆ ರಂಗೂನಿಗೆ ಏಕೆ ಹೊರಟರೆಂಬ ಸೋಜಿಗವಾಗಿರಬೇಕು. ಸೆಪ್ಟೆಂಬರ್‌ನಲ್ಲಿ ಹೊರಟ ಇನ್ನೊಂದು ತಂಡದಲ್ಲಿ, ಕುಡಿತಕ್ಕೂ ಹೊಡೆದಾಟಕ್ಕೂ ಹೆಸರಾಗಿದ್ದ ಪೈಲಟ್ ಗ್ರೆಗರಿ ಬಾಯಿಂಗ್ಟನ್ ಇದ್ದರು. ತಮ್ಮ ಪಾಸ್‌ಪೋರ್ಟಿನಲ್ಲಿ ಪಾದ್ರಿಯೆಂದು ಬರೆದಿತ್ತೆಂದು ಅವರೇ ಮುಂದೆ ನೆನೆಸಿಕೊಂಡಿದ್ದಾರೆ. ಆ ಜುಲೈನಲ್ಲಿ ಜಪಾನಿಗೆ ಅಮೆರಿಕದ ತೈಲ ಇನ್ನೂ ಹೋಗುತ್ತಿತ್ತು. ಅದಕ್ಕೆ ತಡೆ ಬಿದ್ದದ್ದು ತಿಂಗಳ ಕೊನೆಯ ವೇಳೆಗೆ. ಹಾರುವವರಿಗೆ ಎಣ್ಣೆ, ಹೊಡೆಯುವವರಿಗೆ ರಜೆ: ತಟಸ್ಥ ನೀತಿಯನ್ನು ಇದಕ್ಕಿಂತ ನಿಷ್ಪಕ್ಷಪಾತವಾಗಿ ನಡೆಸುವುದು ಕಷ್ಟ.

ಆಟ ಹಳೆಯದೇ. 1916ರಲ್ಲಿ ಫ್ರಾನ್ಸಿನ ಪರವಾಗಿ ಹಾರಲು ಹೋದ ಅಮೆರಿಕನ್ನರ ತುಕಡಿಗೆ 'ಅಮೆರಿಕನ್' ಎಂಬ ಹೆಸರಿದ್ದುದಕ್ಕೆ ಜರ್ಮನಿ ತಕರಾರು ತೆಗೆದಾಗ, ವಿಮಾನ ಅದೇ, ಪೈಲಟ್‌ಗಳು ಅವರೇ, ಹೆಸರು ಮಾತ್ರ ಲಫಯೆಟ್ ಎಂದಾಯಿತು. ತಟಸ್ಥತೆಗೆ ಭಂಗ ಬರಲಿಲ್ಲ.

ಬರ್ಮಾದ ಟೌಂಗೂವಿನಲ್ಲಿ ತಿಂಗಳುಗಟ್ಟಲೆ ತಾಲೀಮು ನಡೆಯಿತು. ವಿಮಾನಗಳ ಮೂತಿಗೆ ಶಾರ್ಕ್ ಮೀನಿನ ಹಲ್ಲುಗಳನ್ನು ಬರೆದರು. ಲೋಕ ಅವರನ್ನು ಹಾರುವ ಹುಲಿಗಳೆಂದು ಕರೆಯಿತು. ಡಿಸ್ನಿಯ ಕಲಾವಿದರು ರೆಕ್ಕೆಯ ಹುಲಿಯೊಂದನ್ನು ಲಾಂಛನವಾಗಿ ಬರೆದುಕೊಟ್ಟರು. ಇಷ್ಟೆಲ್ಲ ವೇಷ ಕಟ್ಟಿ ಚೌಕಿಯಲ್ಲಿ ಕುಳಿತವರು ರಂಗಕ್ಕೆ ಬಂದದ್ದು 1941ರ ಡಿಸೆಂಬರ್ 20ರಂದು, ಚೀನಾದ ಕುನ್‌ಮಿಂಗ್ ನಗರದ ಮೇಲೆ. ಅಷ್ಟರಲ್ಲಿ ಅಮೆರಿಕದ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಜಪಾನಿನ ದಾಳಿ ನಡೆದು ಹದಿಮೂರು ದಿನಗಳಾಗಿದ್ದವು. ಅಮೆರಿಕ ಬಹಿರಂಗವಾಗಿಯೇ ಯುದ್ಧದಲ್ಲಿತ್ತು. ತಟಸ್ಥ ದೇಶದ ಪ್ರಜೆಗಳಾಗಿ ಗುಟ್ಟಾಗಿ ಹೋರಾಡಲೆಂದು ಹೂಡಿದ ಇಡೀ ಏರ್ಪಾಡಿನಲ್ಲಿ, ಗುಟ್ಟು ಬೇಕಿದ್ದಾಗ ಯುದ್ಧ ಆಗಲಿಲ್ಲ, ಯುದ್ಧ ಆಗುವಾಗ ಗುಟ್ಟು ಬೇಕಿರಲಿಲ್ಲ.

ಹುಡುಗರು ಹೋರಾಡಿದ್ದು ಮಾತ್ರ ಅಣಕವಲ್ಲ. ರಂಗೂನಿನ ಮೇಲೆ, ಯುನ್ನಾನಿನ ಮೇಲೆ, ಬಿಡಿಭಾಗಗಳಿಲ್ಲದ ವಿಮಾನಗಳಲ್ಲಿ, ಎಲ್ಲ ಕಡೆ ಸೋಲಿನ ಸುದ್ದಿಯೇ ಬರುತ್ತಿದ್ದ ತಿಂಗಳುಗಳಲ್ಲಿ ಅವರು ಗೆದ್ದರು, ಕೆಲವರು ಸತ್ತರು. ಸತ್ತವರು ದಾಖಲೆಯ ಪ್ರಕಾರ ಕಂಪನಿಯ ನೌಕರರು.

1942ರ ಜುಲೈ 4ರಂದು ತಂಡವನ್ನು ವಿಸರ್ಜಿಸಿ ಸೇನೆಗೆ ಸೇರಿಸಿಕೊಳ್ಳಲು ತೀರ್ಮಾನವಾಯಿತು. ಮನವೊಲಿಸಲು ಬಂದ ಜನರಲ್ ಬಿಸೆಲ್, ಸೇರದಿದ್ದರೆ ಊರಿಗೆ ಮರಳಿದ ಕೂಡಲೇ ಕಡ್ಡಾಯ ಸೇನಾ ಭರ್ತಿಯವರು ನಿಮ್ಮನ್ನು ಹಿಡಿಯುತ್ತಾರೆಂದು ಪ್ರೀತಿಯಿಂದ ತಿಳಿಸಿದರು. ಆ ದಿನಕ್ಕೆ ಸೇನೆ ಸೇರಲು ಒಪ್ಪಿದ ಪೈಲಟ್‌ಗಳು ಐವರು.

ಯುದ್ಧ ಮುಗಿದ ಮೇಲೆ ಹಳೆಯ ಕರಾರು ಪತ್ರ ಇನ್ನೊಮ್ಮೆ ಕೆಲಸಕ್ಕೆ ಬಂದಿತು. ತಾವು ಸೇನೆಯಲ್ಲಿ ಇರಲಿಲ್ಲವೆಂದು ಸರ್ಕಾರವೇ ಅಷ್ಟು ಎಚ್ಚರಿಕೆಯಿಂದ ಬರೆಸಿಕೊಂಡಿರುವಾಗ, ಮಾಜಿ ಸೈನಿಕರ ಸ್ಥಾನಮಾನವನ್ನು ಕೇಳಲು ಇವರು ಯಾರು? ಅವರು ಮಾಡಿದ್ದು ಸೈನಿಕ ಸೇವೆಯೇ ಹೌದೆಂದು ಅಮೆರಿಕ ಸರ್ಕಾರ ಒಪ್ಪಿದ್ದು 1991ರಲ್ಲಿ. ಪೈಲಟ್‌ಗಳಿಗೆ ಶೌರ್ಯ ಪದಕ ಬಂದದ್ದು 1996ರಲ್ಲಿ. ಶೆನ್ನಾಲ್ಟ್ 1958ರಲ್ಲೇ ತೀರಿಹೋಗಿದ್ದರು. ಪಾಸ್‌ಪೋರ್ಟಿನ ವೃತ್ತಿ ಕಲಮನ್ನು ತಿದ್ದಿಕೊಳ್ಳಲು ಆ ಹೊತ್ತಿಗೆ ಉಳಿದಿದ್ದವರು ಕೆಲವರು ಮುದುಕರು, ಮತ್ತು ಅವರಿಗಾರಿಗೂ ರಂಗೂನಿಗೆ ಹೋಗುವ ಜರೂರು ಇರಲಿಲ್ಲ.